ಸಣ್ಣ ವ್ಯಾನೋ, ದೊಡ್ಡ ಮೋಟರ್‌ಹೋಮೋ? ನ್ಯೂಜಿಲೆಂಡಿನ ಒಂದೇ ದಾರಿಯಲ್ಲಿ ಎರಡು ಸಲ

ನ್ಯೂಜಿಲೆಂಡಿನ ದಕ್ಷಿಣ ದ್ವೀಪವನ್ನು ನಾನು ಎರಡು ಸಲ ಸುತ್ತಿದ್ದೇನೆ. ದಾರಿ ಎರಡು ಸಲವೂ ಅದೇ: ಕ್ರೈಸ್ಟ್‌ಚರ್ಚ್‌ನಿಂದ ಟೆಕಾಪೊ, ಪುಕಾಕಿ, ಮೌಂಟ್ ಕುಕ್, ವಾನಕಾ, ಕ್ವೀನ್ಸ್‌ಟೌನ್, ಟೆ ಅನೌ, ಕೊನೆಗೆ ಬೆಟ್ಟಗಳ ನಡುವೆ ಸಮುದ್ರ ಒಳನುಗ್ಗಿದ ಮಿಲ್‌ಫರ್ಡ್ ಸೌಂಡ್. ಮೊದಲ ಸಲ ಡಿಸೆಂಬರಿನಲ್ಲಿ, ನಾನು ಮತ್ತು ಹೆಂಡತಿ ಇಬ್ಬರೇ, ನಮ್ಮೂರ ಟಿ.ಟಿ.ಗಿಂತ ಚಿಕ್ಕದಾದ ಮಲಗುವ ವ್ಯಾನಿನಲ್ಲಿ. ಎರಡನೇ ಸಲ ಏಪ್ರಿಲಿನಲ್ಲಿ, ಅಪ್ಪ, ಅಮ್ಮ, ಆರು ವರ್ಷದ ಮಗಳು ಎಲ್ಲ ಸೇರಿ ಐದು ಜನ, ಒಳಗೇ ಅಡುಗೆಮನೆ, ಶೌಚಾಲಯ ಇರುವ ಏಳು ಮೀಟರ್ ಉದ್ದದ ಮೋಟರ್‌ಹೋಮಿನಲ್ಲಿ.

ಯಾವುದು ಒಳ್ಳೆಯದು ಅಂತ ಕೇಳುವವರೆಲ್ಲ ಬಾಡಿಗೆಯಿಂದ ಶುರು ಮಾಡುತ್ತಾರೆ. ನಾನು ಮೊದಲು ಎರಡು ಪ್ರಶ್ನೆ ಕೇಳುತ್ತೇನೆ. ಯಾವ ತಿಂಗಳು ಹೋಗ್ತೀರಿ? ರಾತ್ರಿ ಮೂತ್ರಕ್ಕೆ ಯಾರು ಎಷ್ಟು ಸಲ ಏಳ್ತಾರೆ? ನಗಬೇಡಿ. ಗಾಡಿ ಯಾವುದು ಅನ್ನುವುದನ್ನು ಈ ಎರಡೇ ತೀರ್ಮಾನ ಮಾಡುತ್ತವೆ.

ಡಿಸೆಂಬರಿನಲ್ಲಿ ಅಲ್ಲಿ ಬೇಸಿಗೆ. ಟೆ ಅನೌನಲ್ಲಿ ರಾತ್ರಿ ಒಂಬತ್ತೂವರೆ ಆದರೂ ಸೂರ್ಯ ಮುಳುಗಿರಲಿಲ್ಲ. ಹಾಗಾಗಿ ವ್ಯಾನ್ ನಮಗೆ ಬರೀ ಹಾಸಿಗೆ. ಹಿಂದಿನ ಬಾಗಿಲು ಮೇಲೆತ್ತಿದರೆ ಅದರ ಕೆಳಗೇ ಅಡುಗೆಮನೆ: ಒಂದು ಗ್ಯಾಸ್ ಒಲೆ, ಪುಟ್ಟ ಸಿಂಕ್, ಐಸ್‌ಪೆಟ್ಟಿಗೆಗಿಂತ ಸ್ವಲ್ಪ ವಾಸಿ ಅನ್ನುವಂಥ ಫ್ರಿಜ್. ಅಡುಗೆ, ಊಟ, ಪಾತ್ರೆ ತೊಳೆಯುವುದು ಎಲ್ಲ ಹೊರಗೇ. ಮೌಂಟ್ ಕುಕ್ ಬುಡದ ವೈಟ್ ಹಾರ್ಸ್ ಹಿಲ್ ಕ್ಯಾಂಪಿನಲ್ಲಿ ಅವಲಕ್ಕಿ ಕಲಸುತ್ತಾ ಕೂತಿದ್ದಾಗ ಗುಡುಗಿದ ಹಾಗೆ ಸದ್ದಾಯಿತು. ಆಕಾಶ ತಿಳಿಯಾಗಿತ್ತು. ಅದು ಬೆಟ್ಟದ ಮೇಲಿಂದ ಹಿಮ ಜಾರಿ ಬೀಳುವ ಸದ್ದು ಅಂತ ಪಕ್ಕದ ಟೆಂಟಿನವರು ಹೇಳಿದರು. ಆಮೇಲೆ ರಾತ್ರಿಯಿಡೀ ಅದಕ್ಕೇ ಕಿವಿಗೊಟ್ಟು ಮಲಗಿದ್ದೆವು.

ಏಪ್ರಿಲಿನಲ್ಲಿ ಆರೂ ಕಾಲಿಗೆಲ್ಲ ಕತ್ತಲು. ಚಳಿ ಬೇರೆ. ಅದೇ ಕ್ಯಾಂಪಿನಲ್ಲಿ ಐದೂ ಜನ ಕಿಟಕಿ ಪರದೆ ಎಳೆದುಕೊಂಡು, ಹೀಟರ್ ಹಾಕಿಕೊಂಡು, ಸಾರು ಅನ್ನ ಉಂಡು ಇಸ್ಪೀಟು ಆಡಿದೆವು. ಹಿಮ ಬೀಳುವ ಸದ್ದು ಈ ಸಲ ಒಮ್ಮೆಯೂ ಕೇಳಿಸಲಿಲ್ಲ. ಆದರೆ ಆ ಚಳಿಯಲ್ಲಿ ಸಣ್ಣ ವ್ಯಾನಿನ ಹಿಂದೆ ನಿಂತು ಅಡುಗೆ ಮಾಡು ಅಂದಿದ್ದರೆ ಅಮ್ಮ ಮರುದಿನವೇ ವಿಮಾನ ಹತ್ತುತ್ತಿದ್ದರು.

ಈಗ ಶೌಚಾಲಯದ ವಿಷಯ. ನ್ಯೂಜಿಲೆಂಡಿನಲ್ಲಿ ಸಿಕ್ಕಸಿಕ್ಕಲ್ಲಿ ಗಾಡಿ ನಿಲ್ಲಿಸಿ ಮಲಗುವ ಹಾಗಿಲ್ಲ. 2023ರಲ್ಲಿ ಕಾನೂನು ಬಿಗಿ ಮಾಡಿದರು. ನೀರು, ಕೊಳೆನೀರಿನ ಟ್ಯಾಂಕ್ ಜೊತೆಗೆ ಗಾಡಿಯಲ್ಲೇ ಕೂರಿಸಿದ ಶೌಚಾಲಯ ಇದ್ದರೆ ಮಾತ್ರ ಹಸಿರು ಕಾರ್ಡ್. ಅದು ಇಲ್ಲದ ಗಾಡಿಗಳಿಗೆ ಬಹಳಷ್ಟು ಪುಕ್ಕಟೆ ಜಾಗಗಳಲ್ಲಿ ಪ್ರವೇಶವಿಲ್ಲ. ನಮ್ಮ ಸಣ್ಣ ವ್ಯಾನಿಗೆ ಅದು ಇರಲಿಲ್ಲ. ಹಾಗಾಗಿ ಪುಕಾಕಿ ಸರೋವರದ ದಂಡೆಯಲ್ಲಿ ಸಂಜೆವರೆಗೂ ಕೂತು, ಹಾಲಿಗೆ ನೀಲಿ ಕಲಸಿದಂಥ ಆ ನೀರನ್ನು ನೋಡಿ, ಕೊನೆಗೆ ಎದ್ದು ದುಡ್ಡು ಕೊಡುವ ಕ್ಯಾಂಪಿಗೆ ಹೋಗಬೇಕಾಯಿತು. (ಹಿಮನದಿ ಬಂಡೆಯನ್ನು ಅರೆದು ಮಾಡಿದ ಹಿಟ್ಟು ನೀರಿನಲ್ಲಿ ತೇಲುವುದರಿಂದ ಆ ಬಣ್ಣ. ಅಮ್ಮ ಇದನ್ನು ಕೇಳಿ, "ಹಂಗಾದ್ರೆ ಗಂಧ ತೇಯ್ದ ನೀರು ಅನ್ನು" ಅಂದರು.) ಮೋಟರ್‌ಹೋಮಿನಲ್ಲಿ ಅಂಥ ಮೂರು ರಾತ್ರಿ ಪುಕ್ಕಟೆಯಾಗಿ ಸರೋವರದ ಪಕ್ಕದಲ್ಲೇ ಕಳೆದೆವು. ಬೆಳಿಗ್ಗೆ ಅಪ್ಪ ಕಾಫಿ ಲೋಟ ಹಿಡಿದು ಕಿಟಕಿಯಲ್ಲೇ ಮೌಂಟ್ ಕುಕ್ ನೋಡಿದರು, 3,724 ಮೀಟರ್, ಪೂರ್ತಿ ಬಿಳಿ.

ಆದರೆ ಆ ಶೌಚಾಲಯದ ಪೆಟ್ಟಿಗೆಯನ್ನು ಯಾರಾದರೂ ಖಾಲಿ ಮಾಡಬೇಕಲ್ಲ? ಐದು ಜನರಿಗೆ ಎರಡು ದಿನಕ್ಕೊಮ್ಮೆ. ಆ ಕೆಲಸ ಮನೆಯ ಮಗನಿಗೇ ಬಂತು. ನೀರಿನ ಟ್ಯಾಂಕೂ ಅಷ್ಟೇ. ನಮ್ಮವರು ಚೊಂಬಿನಲ್ಲಿ ನೀರು ಬಳಸುವವರು, ಪಾತ್ರೆಯನ್ನು ಹರಿಯುವ ನೀರಿನಲ್ಲೇ ತೊಳೆಯುವವರು. ಮೊದಲ ಟ್ಯಾಂಕ್ ಒಂದೇ ದಿನಕ್ಕೆ ಖಾಲಿ!

ಮತ್ತೊಂದು ವಿಚಿತ್ರ. ಸಣ್ಣ ವ್ಯಾನಿನಲ್ಲಿ ಟೆಕಾಪೊದಲ್ಲಿ ತಂಗಿದ್ದಾಗ ರಾತ್ರಿ ಎರಡು ಗಂಟೆಗೆ ಬೈದುಕೊಳ್ಳುತ್ತಾ ಹೊರಗಿನ ಶೌಚಾಲಯಕ್ಕೆ ಹೊರಟೆ. ತಲೆ ಎತ್ತಿದರೆ ನಕ್ಷತ್ರದ ರಾಶಿ. ಆ ಪ್ರದೇಶ 2012ರಿಂದ ಕತ್ತಲೆಯ ಆಕಾಶಕ್ಕಾಗಿಯೇ ಕಾಪಾಡಿಟ್ಟ ಜಾಗ, ಬೀದಿದೀಪಗಳೂ ನೆಲ ನೋಡುತ್ತವೆ. ಹೆಂಡತಿಯನ್ನು ಎಬ್ಬಿಸಿ ಕರೆತಂದೆ, ಅರ್ಧ ಗಂಟೆ ನಿಂತಿದ್ದೆವು. ಮೋಟರ್‌ಹೋಮಿನಲ್ಲಿ ಎಲ್ಲರೂ ಎದ್ದರು, ಒಳಗೇ ಹೋದರು, ಮಲಗಿದರು. ಬೆಳಿಗ್ಗೆ ನೆನಪಾಯಿತು, ನಕ್ಷತ್ರ ನೋಡಲೇ ಇಲ್ಲ.

ಓಡಿಸುವುದರಲ್ಲಿ ಹೋಲಿಕೆಯೇ ಬೇಡ, ಸಣ್ಣದೇ ಗೆದ್ದಿತು. ಎಡಗಡೆ ಓಡಿಸುವ ದೇಶ, ಇಂಗ್ಲಿಷಿನಲ್ಲಿರುವ ನಮ್ಮ ಲೈಸೆನ್ಸ್ ನಡೆಯುತ್ತದೆ, ಅಲ್ಲಿಯವರೆಗೆ ನಿಶ್ಚಿಂತೆ. ವಾನಕಾದಿಂದ ಕ್ವೀನ್ಸ್‌ಟೌನಿಗೆ ಕ್ರೌನ್ ರೇಂಜ್ ದಾರಿ ಹಿಡಿದರೆ ಸಾವಿರ ಮೀಟರಿಗೂ ಹೆಚ್ಚಿನ ಎತ್ತರಕ್ಕೆ ಹತ್ತಿ, ಆಮೇಲೆ ತಿರುವಿನ ಮೇಲೆ ತಿರುವು ಇಳಿಯಬೇಕು. ವ್ಯಾನಿನಲ್ಲಿ ಅದು ಆಗುಂಬೆ ಘಾಟಿ ಇಳಿದ ಹಾಗೆ ಖುಷಿಯಾಗಿತ್ತು. ಮೋಟರ್‌ಹೋಮಿನಲ್ಲಿ ಧೈರ್ಯ ಬರಲಿಲ್ಲ. ನಲವತ್ತು ಕಿಲೋಮೀಟರಿನಷ್ಟು ಸುತ್ತಾದರೂ ಕ್ರಾಮ್‌ವೆಲ್ ಮೇಲೆ ಹೋದೆವು. ನಷ್ಟವೇನಿಲ್ಲ, ಅದು ಹಣ್ಣಿನ ತೋಟಗಳ ಊರು, ಸೇಬು ಪೇರ್ ಚೀಲಗಟ್ಟಲೆ ತಂದೆವು. ಒಂದೇ ಗಾಡಿ ಹೋಗುವ ಸೇತುವೆಗಳು ಅಲ್ಲಿ ಬಹಳ. ನಿಮ್ಮ ಕಡೆಯ ಬಾಣ ಕೆಂಪು, ಚಿಕ್ಕದು ಇದ್ದರೆ ನೀವು ನಿಂತು ಎದುರಿನವರಿಗೆ ಬಿಡಬೇಕು. ಅಷ್ಟು ದೊಡ್ಡ ಗಾಡಿಯನ್ನು ತಡವಾಗಿ ಬ್ರೇಕ್ ಹಾಕಿ ನಿಲ್ಲಿಸಿದರೆ ಒಳಗೆ ಏನಾಗುತ್ತದೆ ಗೊತ್ತಾ? ಚಿಲಕ ಹಾಕದ ಕಪಾಟಿನಿಂದ ತಟ್ಟೆ, ಸೌಟು, ಸಕ್ಕರೆ ಡಬ್ಬಿ ಎಲ್ಲ ಮಗಳ ಕಾಲ ಬಳಿ.

ಮಿಲ್‌ಫರ್ಡಿಗೆ ಟೆ ಅನೌನಿಂದ ಸುಮಾರು 120 ಕಿಲೋಮೀಟರ್. ಮಳೆ ಆಗುಂಬೆಯ ಮಟ್ಟದ್ದು, ವರ್ಷಕ್ಕೆ ಆರು ಸಾವಿರ ಮಿಲಿಮೀಟರ್ ದಾಟುತ್ತದೆ. ಕೊನೆಯಲ್ಲಿ ಹೋಮರ್ ಸುರಂಗ, 1.2 ಕಿಲೋಮೀಟರ್, 1935ರಲ್ಲಿ ಐದು ಜನ ಪಿಕಾಸಿ, ತಳ್ಳುಗಾಡಿ ಹಿಡಿದು ಅಗೆಯಲು ಶುರು ಮಾಡಿದ್ದು. ಸಣ್ಣ ವ್ಯಾನಿನಲ್ಲಿ ಆ ದಾರಿಯ ಕ್ಯಾಸ್ಕೇಡ್ ಕ್ರೀಕ್ ಕ್ಯಾಂಪಿನಲ್ಲಿ ತಂಗಿದೆವು. ಮಳೆಗೆ ಹಿಂದಿನ ಬಾಗಿಲು ಎತ್ತುವ ಹಾಗಿಲ್ಲ, ಅಂದರೆ ಅಡುಗೆ ಇಲ್ಲ. ಮಳೆ ನಿಂತರೆ ಸ್ಯಾಂಡ್‌ಫ್ಲೈ ಅನ್ನುವ ಕಚ್ಚುವ ನೊಣ. ಬ್ರೆಡ್ಡು ಚಟ್ನಿಪುಡಿಯಲ್ಲೇ ರಾತ್ರಿ ಕಳೆಯಿತು. ಸುರಂಗದ ಬಳಿ ಕೆಯಾ ಅನ್ನುವ ಬೆಟ್ಟದ ಗಿಳಿ ವ್ಯಾನಿನ ಬಾಗಿಲ ರಬ್ಬರ್ ಕಿತ್ತಿತು, ಬಾಡಿಗೆಗೆ ಕೊಟ್ಟವರು ಅದಕ್ಕೂ ಬಿಲ್ ಹಾಕಿದರು. ಎರಡನೇ ಸಲ ಮೋಟರ್‌ಹೋಮನ್ನು ಟೆ ಅನೌನಲ್ಲೇ ಬಿಟ್ಟು ಬಸ್ಸಿನಲ್ಲಿ ಹೋದೆವು. ನನ್ನ ಕೇಳಿದರೆ ಯಾವ ಗಾಡಿ ಇದ್ದರೂ ಈ ಒಂದು ದಿನ ಬಸ್ಸೇ ಸರಿ. ಓಡಿಸುವವನೂ ಬೆಟ್ಟ ನೋಡಬೇಕಲ್ವಾ?

ಇನ್ನು ದುಡ್ಡು. ದಿನದ ಬಾಡಿಗೆ ಮೋಟರ್‌ಹೋಮಿಗೆ ಸಣ್ಣದರ ಎರಡೂವರೆ ಪಟ್ಟು ಬಿತ್ತು. ತಲೆಗೆ ಹಂಚಿದರೆ ಹತ್ತಿರ ಹತ್ತಿರ ಸಮ. ಬಂಕಿನಲ್ಲಿ ಡೀಸೆಲ್ ಅಗ್ಗ ಅಂತ ಮೋಸ ಹೋಗಬೇಡಿ. ಡೀಸೆಲ್ ಗಾಡಿಗೆ ರಸ್ತೆ ತೆರಿಗೆ ಬೇರೆ, ಓಡಿದ ಕಿಲೋಮೀಟರ್ ಲೆಕ್ಕದಲ್ಲಿ ಕೊನೆಗೆ ಕಟ್ಟಬೇಕು. ನಾನು ಬುಕ್ ಮಾಡುವಾಗ ಆ ಸಾಲು ಓದಿರಲಿಲ್ಲ. ಮಸಾಲೆ, ಉಪ್ಪಿನಕಾಯಿ ಒಯ್ದರೆ ವಿಮಾನ ನಿಲ್ದಾಣದಲ್ಲಿ ಬರೆದು ತೋರಿಸಿ. ಮುಚ್ಚಿಟ್ಟರೆ ಅಲ್ಲೇ 400 ನ್ಯೂಜಿಲೆಂಡ್ ಡಾಲರ್ ದಂಡ.

ಇಬ್ಬರೇ, ನವೆಂಬರಿನಿಂದ ಫೆಬ್ರವರಿ ಒಳಗೆ ಅಂದರೆ ಕಣ್ಣು ಮುಚ್ಚಿ ಸಣ್ಣ ವ್ಯಾನ್. ಹಿರಿಯರು ಇದ್ದರೆ, ಅಥವಾ ಏಪ್ರಿಲ್ ಬಂದರೆ, ಮೋಟರ್‌ಹೋಮ್. ನಾನು ಮುಂದಿನ ಸಲ ಬೇಸಿಗೆಯಲ್ಲಿ ಸಣ್ಣದನ್ನೇ ಹಿಡಿದು, ಅದನ್ನು ನಿಲ್ಲಿಸುವ ಹಾಲಿಡೇ ಪಾರ್ಕಿನಲ್ಲೇ (ದುಡ್ಡು ಕೊಟ್ಟು ತಂಗುವ ಕ್ಯಾಂಪು) ಅಪ್ಪ ಅಮ್ಮನಿಗೆ ಕ್ಯಾಬಿನ್ ತೆಗೆದುಕೊಳ್ಳುವ ಯೋಚನೆಯಲ್ಲಿದ್ದೇನೆ. ಅಮ್ಮ ಒಪ್ಪಿದ್ದಾರೆ, ಆದರೆ ಅಡುಗೆ ಮಾತ್ರ ವ್ಯಾನಿನ ಹಿಂದೆಯೇ ಅಂತೆ. ಮೋಟರ್‌ಹೋಮಿನಲ್ಲಿ ಸಾಸಿವೆ ಸಿಡಿದಾಗಲೆಲ್ಲ ಹೊಗೆಯ ಅಲಾರಂ ಹೊಡೆದುಕೊಂಡು, ಹನ್ನೊಂದು ದಿನ ಒಗ್ಗರಣೆ ಇಲ್ಲದ ಸಾರು ಉಂಡ ಸಿಟ್ಟು ಅವರಿಗೆ ಇನ್ನೂ ಇಳಿದಿಲ್ಲ.