ಟಿಕೆಟ್ ಕೊಡುವ ಮುನ್ನ ಬ್ಯಾಗಿನಲ್ಲೇನಿದೆ ಎಂದು ಕೇಳುವ ಏಜೆನ್ಸಿ

ಮಂಗಳೂರಿನ ಹಂಪನಕಟ್ಟೆಯ ಆಸುಪಾಸಿನಲ್ಲಿ ಗಲ್ಫ್ ದೇಶಗಳ ಟಿಕೆಟ್ ಮತ್ತು ವೀಸಾ ಮಾಡಿಸಿಕೊಡುವ ಕಚೇರಿಗಳಿಗೆ ಬರವಿಲ್ಲ. ದರದಲ್ಲಿಯೂ ಹೇಳಿಕೊಳ್ಳುವಂತಹ ಅಂತರ ಕಾಣುವುದಿಲ್ಲ. ಹಾಗಾಗಿ ಏಜೆನ್ಸಿಯನ್ನು ಅಳೆಯುವಾಗ, ಹೋಗುವ ದೇಶದ ಕಾನೂನನ್ನು ಪ್ರಯಾಣಿಕರಿಗೆ ಅರ್ಥವಾಗುವಂತೆ ಹೇಳುವ ವ್ಯವಧಾನ ಅಲ್ಲಿನವರಿಗೆ ಇದೆಯೇ ಎಂಬುದನ್ನೇ ನಾನು ಮುಖ್ಯವಾಗಿ ನೋಡುತ್ತೇನೆ. ತಂಗಿಯ ಬಾಣಂತನಕ್ಕೆಂದು ಅಮ್ಮ ದುಬೈಗೆ ಹೊರಟಾಗ ನಾವು ಆರಿಸಿಕೊಂಡ ಏಜೆನ್ಸಿ ಈ ವಿಷಯದಲ್ಲಿ ಬಹುಪಾಲು ಮೆಚ್ಚುವಂತಹ ಕೆಲಸ ಮಾಡಿತು, ಒಂದು ಕಡೆ ಮಾತ್ರ ಅಕ್ಷಮ್ಯವಾಗಿ ಎಡವಿತು. ಆ ಕಾರಣಕ್ಕೇ ಅದರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ.

ಮೊದಲು ಮೆಚ್ಚುಗೆಯ ಮಾತು. ಪಾಸ್‌ಪೋರ್ಟಿನ ಪ್ರತಿ ಪಡೆದ ಕೂಡಲೇ ಕೌಂಟರಿನ ಯುವತಿ, "ಅಮ್ಮ, ಬಾಣಂತಿಗೆ ಎಂತೆಲ್ಲ ಕೊಂಡುಹೋಗ್ತೀರಿ?" ಎಂದು ಕೇಳಿ ಒಂದು ಹಾಳೆ ತೆಗೆದುಕೊಂಡರು. ಅಮ್ಮ ಓಮ, ಒಣಶುಂಠಿ, ಮೆಂತೆ, ಮನೆಯಲ್ಲೇ ಕಾಯಿಸಿದ ಲೇಹ್ಯ, ಪಾಯಸಕ್ಕೆ ಗಸಗಸೆ, ಜೊತೆಗೆ ಒಂದು ಕಟ್ಟು ವೀಳ್ಯದೆಲೆ ಎಂದು ಹೇಳುತ್ತಾ ಹೋದರು. ಗಸಗಸೆ ಮತ್ತು ವೀಳ್ಯದೆಲೆಯನ್ನು ಆಕೆ ಅಲ್ಲಿಯೇ ಹೊಡೆದುಹಾಕಿ, "ಗಸಗಸೆ ಒಂದು ಕಾಳೂ ಬೇಡ. ಅದು ಇದ್ದ ಡಬ್ಬಿಯಲ್ಲಿ ಬೇರೆ ಎಂತದೂ ತುಂಬಿಸ್ಬೇಡಿ, ಬ್ಯಾಗನ್ನು ಕೊಡವಿ" ಎಂದರು. ನಮ್ಮಲ್ಲಿ ದಿನಸಿ ಅಂಗಡಿಯಲ್ಲಿ ಸಿಗುವ ಗಸಗಸೆಯು ಅಫೀಮಿನ ಗಿಡದ ಬೀಜವಾದ್ದರಿಂದ ಯುಎಇ ಮತ್ತು ಸೌದಿ ಅರೇಬಿಯಾಗಳಲ್ಲಿ ಅದನ್ನು ನಿಷೇಧಿಸಲಾಗಿದೆ. ಬ್ಯಾಗನ್ನು ಕೊಡವಬೇಕೆಂಬ ಮಾತು ಅತಿಯಾಯಿತೆಂದು ಕೇಳಿದವರಿಗೆ ಅನ್ನಿಸಬಹುದು. ಆದರೆ ದುಬೈ ವಿಮಾನ ನಿಲ್ದಾಣದಲ್ಲಿ ಬೂಟಿನ ಅಡಿಗೆ ಅಂಟಿಕೊಂಡಿದ್ದ 0.003 ಗ್ರಾಂ ಗಾಂಜಾಕ್ಕಾಗಿ ಬ್ರಿಟನ್ನಿನ ಪ್ರಯಾಣಿಕರೊಬ್ಬರಿಗೆ 2008ರಲ್ಲಿ 4 ವರ್ಷಗಳ ಶಿಕ್ಷೆಯಾಗಿತ್ತು. ಅನಂತರ ಕ್ಷಮಾದಾನ ಸಿಕ್ಕಿದ್ದರಿಂದ ಅವರು ಊರು ಸೇರಿದರು. ಲೇಹ್ಯವನ್ನು ಮಾತ್ರ ಅಮ್ಮ ಸುಲಭಕ್ಕೆ ಬಿಟ್ಟುಕೊಡಲಿಲ್ಲ. ಹೆಸರು, ಪದಾರ್ಥಗಳ ಪಟ್ಟಿ ಮತ್ತು ಬಿಲ್ಲು ಇರುವ, ಸೀಲ್ ಒಡೆಯದ ಬಾಟಲಿಯಾದರೆ ಕೇಳಿದಾಗ ತೋರಿಸಬಹುದು ಎಂದು ಆಕೆ ತಾಳ್ಮೆಯಿಂದ ವಿವರಿಸಿದ ಮೇಲೆ ಒಪ್ಪಿದರು.

ಔಷಧಗಳ ವಿಷಯದಲ್ಲಿ ಈ ಕಚೇರಿಯ ಕೆಲಸ ಇನ್ನೂ ಅಚ್ಚುಕಟ್ಟು. ಅಮ್ಮ ಕಾಲಿನ ನರದ ನೋವಿಗೆ ಪ್ರಿಗ್ಯಾಬಲಿನ್ ಮಾತ್ರೆ ತೆಗೆದುಕೊಳ್ಳುತ್ತಾರೆ. ಅದೂ, ಟ್ರಮಡಾಲ್ ಎಂಬ ನೋವಿನ ಮಾತ್ರೆಯೂ, ಕೊಡೀನ್ ಇರುವ ಕೆಮ್ಮಿನ ಸಿರಪ್ಪೂ, ಅಲ್ಪ್ರಾಜೋಲಾಮಿನಂತಹ ನಿದ್ರೆಯ ಮಾತ್ರೆಗಳೂ ಯುಎಇಯಲ್ಲಿ ನಿಯಂತ್ರಿತ ಔಷಧಗಳಾಗಿದ್ದು, ಕೊಂಡೊಯ್ಯುವ ಮೊದಲೇ ಅಲ್ಲಿನ ಸರ್ಕಾರದಿಂದ ಆನ್‌ಲೈನಿನಲ್ಲಿ ಅನುಮತಿ ಪಡೆಯಬೇಕಾಗುತ್ತದೆ. ವೈದ್ಯರ ಚೀಟಿಯಲ್ಲಿ ಅಮ್ಮನನ್ನು ಮನೆಯಲ್ಲಿ ಕರೆಯುವ ಹೆಸರಿತ್ತು, ಪಾಸ್‌ಪೋರ್ಟಿನಲ್ಲಿ ಬೇರೆಯೇ ಹೆಸರಿತ್ತು. ಔಷಧದ್ದೂ ಕಂಪನಿಯ ಹೆಸರು ಮಾತ್ರ ಇತ್ತು. ಇದನ್ನು ಕಚೇರಿಯವರೇ ಗುರುತಿಸಿ, ಪಾಸ್‌ಪೋರ್ಟಿನಂತೆಯೇ ಹೆಸರು, ಔಷಧದ ಮೂಲ ಹೆಸರು, ದಿನಕ್ಕೆಷ್ಟು, ಎಷ್ಟು ದಿನಕ್ಕೆ ಎಂಬುದನ್ನೆಲ್ಲ ಬರೆಸಿಕೊಂಡು ಬರಲು ನಮ್ಮನ್ನು ಮರಳಿ ಕಳುಹಿಸಿದರು. ಆ ಹೊತ್ತಿಗೆ ಕಿರಿಕಿರಿಯಾದರೂ ಅನುಮತಿ ಪತ್ರ ತಕರಾರಿಲ್ಲದೆ ಬಂತು. ಇದಕ್ಕೆ ಅವರು ಪಡೆದ ಪ್ರತ್ಯೇಕ ಶುಲ್ಕ 500 ರೂಪಾಯಿ.

ಇಷ್ಟೆಲ್ಲ ಎಚ್ಚರ ವಹಿಸುವ ಕಚೇರಿಯಲ್ಲಿಯೇ ಮುಂದಿನ ಘಟನೆ ನಡೆಯಿತು. ಟಿಕೆಟ್ ಪಡೆಯಲು ಹೋದಾಗ ಇನ್ನೊಬ್ಬ ಸಿಬ್ಬಂದಿ, ಕಂದು ಟೇಪು ಸುತ್ತಿದ ಒಂದು ಪೊಟ್ಟಣವನ್ನು ಮೇಜಿನ ಮೇಲಿಟ್ಟು, "ಅಮ್ಮನ ಬ್ಯಾಗಿನಲ್ಲಿ ಒಂದೆರಡು ಕೆಜಿ ಜಾಗ ಉಂಟಲ್ಲ, ನಮ್ಮ ಕಸ್ಟಮರ್ ಒಬ್ಬರ ಮಗನಿಗೆ ಬಟ್ಟೆ, ಸ್ವಲ್ಪ ಮಾತ್ರೆ. ಅವರೇ ಏರ್‌ಪೋರ್ಟಿಗೆ ಬಂದು ತಕ್ಕೊಳ್ತಾರೆ" ಎಂದರು. ಅದರಲ್ಲಿ ನಿಜಕ್ಕೂ ಬಟ್ಟೆಯೇ ಇದ್ದಿರಬಹುದು. ಗಲ್ಫಿಗೆ ಹೊರಟವರ ಕೈಯಲ್ಲಿ ನೆರೆಹೊರೆಯವರು ಕಟ್ಟು ಕಳುಹಿಸುವುದು ನಮ್ಮ ಜಿಲ್ಲೆಗಳಲ್ಲಿ ಬಹಳ ಹಿಂದಿನಿಂದ ನಡೆದುಬಂದದ್ದು, ಬೇಡವೆಂದರೆ ಮುಖ ಮುರಿದಂತಾಗುತ್ತದೆ ಎಂಬ ಸಂಕೋಚವೂ ಇದೆ. ಆದರೆ 2019ರಲ್ಲಿ ಮುಂಬೈಯ ದಂಪತಿಯೊಂದು ಸಂಬಂಧಿಕರು ಕೊಟ್ಟ ಪೊಟ್ಟಣವನ್ನು ನಂಬಿ ದೋಹಾಕ್ಕೆ ಹೋಗಿ, ಅದರಲ್ಲಿ 4 ಕೆಜಿಗೂ ಹೆಚ್ಚು ಚರಸ್ ಸಿಕ್ಕಿದ್ದರಿಂದ 10 ವರ್ಷಗಳ ಶಿಕ್ಷೆಗೆ ಗುರಿಯಾದದ್ದು, ಗರ್ಭಿಣಿಯಾಗಿದ್ದ ಪತ್ನಿಗೆ ಜೈಲಿನಲ್ಲೇ ಹೆರಿಗೆಯಾದದ್ದು ಎಲ್ಲ ಪತ್ರಿಕೆಗಳಲ್ಲೂ ಬಂದಿತ್ತು. ಭಾರತದಲ್ಲಿ ನಡೆದ ತನಿಖೆಯ ಬಲದಿಂದ 2021ರಲ್ಲಿ ಅವರು ಖುಲಾಸೆಯಾದರು. ಸಂಬಂಧಿಕರ ಪೊಟ್ಟಣದ ಗತಿಯೇ ಹೀಗಿರುವಾಗ, ಮುಖ ನೋಡದವರ ಪೊಟ್ಟಣವನ್ನು ಅರುವತ್ತು ದಾಟಿದ ಹೆಂಗಸಿನ ಕೈಗಿಡಲು ಹೊರಟದ್ದಕ್ಕೆ ಸಮಜಾಯಿಷಿ ಸಾಧ್ಯವಿಲ್ಲ. ನಾವು ಒಪ್ಪಲಿಲ್ಲ. ವಿಷಯ ತಿಳಿದ ವ್ಯವಸ್ಥಾಪಕರು ಕ್ಷಮೆ ಕೇಳಿ, ಪೊಟ್ಟಣವನ್ನು ವಾಪಸು ಕಳುಹಿಸುವುದಾಗಿ ಹೇಳಿದರು. ಆದರೆ "ಇದೆಲ್ಲ ಮಾಮೂಲಿ" ಎಂಬ ಅವರ ಧಾಟಿ ನನಗೆ ಹಿಡಿಸಲಿಲ್ಲ.

ಸಿಂಗಾಪುರದ ಕಾನೂನನ್ನು ನೋಡಿದರೆ ಈ ಧಾಟಿ ಎಷ್ಟು ಅಪಾಯಕಾರಿ ಎಂಬುದು ತಿಳಿಯುತ್ತದೆ. ಅಲ್ಲಿ 15 ಗ್ರಾಂ ಮೀರಿದ ಹೆರಾಯಿನ್ ಅಥವಾ 500 ಗ್ರಾಂ ಮೀರಿದ ಗಾಂಜಾ ಸಾಗಿಸಿದವರಿಗೆ ಮರಣದಂಡನೆಯಿದೆ. ಅದಕ್ಕಿಂತ ಮುಖ್ಯವಾಗಿ, ಮಾದಕವಸ್ತು ಯಾರ ವಶದಲ್ಲಿ ಸಿಕ್ಕಿತೋ ಅವರಿಗೆ ಅದೇನೆಂದು ಗೊತ್ತಿತ್ತು ಎಂದೇ ಕಾನೂನು ಭಾವಿಸುತ್ತದೆ. ಗೊತ್ತಿರಲಿಲ್ಲ ಎಂದು ಸಾಬೀತುಪಡಿಸುವ ಹೊರೆ ಆರೋಪಿಯ ಮೇಲೆಯೇ ಬೀಳುತ್ತದೆ. ಮಲೇಷ್ಯಾದ ನಾಗೇಂದ್ರನ್ ಧರ್ಮಲಿಂಗಂ ಅವರನ್ನು 42.72 ಗ್ರಾಂ ಹೆರಾಯಿನ್ ಪ್ರಕರಣದಲ್ಲಿ, ಅವರ ಬೌದ್ಧಿಕ ಸಾಮರ್ಥ್ಯದ ಕುರಿತು ಜಗತ್ತಿನಾದ್ಯಂತ ಚರ್ಚೆಯಾದ ಬಳಿಕವೂ, 2022ರ ಏಪ್ರಿಲಿನಲ್ಲಿ ಗಲ್ಲಿಗೇರಿಸಲಾಯಿತು.

ಕಚೇರಿ ಕೊಡುವ ಎರಡು ಪುಟಗಳ ಕನ್ನಡ ಕರಪತ್ರವನ್ನು ಓದುವಂತಿದೆ ಎನ್ನಬಹುದು, ಪೂರ್ತಿ ನಂಬುವಂತಿಲ್ಲ. ರಕ್ತ ಅಥವಾ ಮೂತ್ರದಲ್ಲಿ ಮಾದಕವಸ್ತುವಿನ ಅಂಶ ಪತ್ತೆಯಾದರೂ ಯುಎಇಯಲ್ಲಿ ಅಪರಾಧ ಎಂಬುದನ್ನು ಸರಿಯಾಗಿ ಬರೆದಿದ್ದಾರೆ. ಮೊದಲ ಬಾರಿ ಸೇವಿಸಿ ಸಿಕ್ಕಿಬಿದ್ದವರಿಗೆ ಕನಿಷ್ಠ 4 ವರ್ಷ ಎಂಬುದು ಮಾತ್ರ ಹಳೆಯ ಸಂಗತಿ. 2021ರ ಕಾನೂನಿನಲ್ಲಿ ಆ ಕನಿಷ್ಠ ಮಿತಿ 3 ತಿಂಗಳು. ಮಲೇಷ್ಯಾದಲ್ಲಿ ಮಾದಕವಸ್ತು ಸಾಗಣೆಗೆ ಮರಣದಂಡನೆ ಕಡ್ಡಾಯ ಎಂದೂ ಇದೆ. 2023ರಿಂದ ಅದು ನ್ಯಾಯಾಧೀಶರ ವಿವೇಚನೆಗೆ ಬಿಟ್ಟದ್ದು, ರದ್ದಾದದ್ದಲ್ಲ. ನಮ್ಮವರು ಸಾಲುಸಾಲಾಗಿ ದಮ್ಮಾಮ್, ಜುಬೈಲ್‌ಗಳಿಗೆ ಹೋಗುತ್ತಿರುವಾಗ, ಮಾದಕವಸ್ತು ಪ್ರಕರಣಗಳಲ್ಲಿ ಸೌದಿ ಅರೇಬಿಯಾ 2022ರ ನವೆಂಬರಿನಿಂದ ಮರಣದಂಡನೆಯನ್ನು ಮತ್ತೆ ಜಾರಿ ಮಾಡುತ್ತಿರುವುದರ ಬಗ್ಗೆ ಒಂದು ಸಾಲೂ ಇಲ್ಲ. ದುಬೈಯ ಭಾರತೀಯ ದೂತಾವಾಸದ ಸಂಖ್ಯೆಯನ್ನು ದಪ್ಪಕ್ಷರದಲ್ಲಿ ಮುದ್ರಿಸಿದ್ದು ಒಳ್ಳೆಯದು. ಆದರೆ ದೂತಾವಾಸದವರು ಬಂಧಿತರನ್ನು ಭೇಟಿಯಾಗಿ ವಕೀಲರ ವ್ಯವಸ್ಥೆಗೆ ನೆರವಾಗಬಲ್ಲರೇ ಹೊರತು ಬಿಡಿಸಿಕೊಂಡು ಬರಲಾರರು ಎಂಬುದನ್ನೂ ಅದರ ಕೆಳಗೇ ಬರೆಯಬೇಕಿತ್ತು.

ಔಷಧದ ಅನುಮತಿ ಮತ್ತು ಸಾಮಾನಿನ ಪಟ್ಟಿಯ ಪರಿಶೀಲನೆಗೆ ಐದರಲ್ಲಿ ನಾಲ್ಕೂವರೆ, ಕರಪತ್ರಕ್ಕೆ ಎರಡು, ಪೊಟ್ಟಣದ ಪ್ರಕರಣಕ್ಕೆ ಸೊನ್ನೆ. ಹಿರಿಯರನ್ನು ಈ ಕಚೇರಿಗೆ ಕರೆದೊಯ್ಯುವವರು ಟಿಕೆಟ್ ಪಡೆಯುವ ದಿನವೂ ಜೊತೆಗಿರಬೇಕು. ನಿಯಂತ್ರಿತ ಮಾತ್ರೆ ಸೇವಿಸುವವರಿದ್ದರೆ ಟಿಕೆಟ್ ಕಾಯ್ದಿರಿಸುವ ಮೊದಲೇ ಪಾಸ್‌ಪೋರ್ಟ್ ಮತ್ತು ವೈದ್ಯರ ಚೀಟಿಯೊಂದಿಗೆ ಹೋಗಿ ಕೌಂಟರಿನ ಆ ಯುವತಿಯನ್ನೇ ಕೇಳುವುದು ಒಳಿತು. ಮಧ್ಯಾಹ್ನ ಎರಡರವರೆಗೆ ಮಾತ್ರ ಅವರು ಇರುತ್ತಾರೆ.