ಕೈಯಲ್ಲಿ ತಿರುಗಿಸುವ ಕಾಫಿ ಗ್ರೈಂಡರ್: ಮರ ಗಟ್ಟಿ, ಹಲ್ಲು ಸಡಿಲ

ಮರದ ಪೆಟ್ಟಿಗೆ, ಮೇಲೊಂದು ಹಿತ್ತಾಳೆ ಬಣ್ಣದ ಬಟ್ಟಲು, ಬಾಗಿದ ಹಿಡಿಕೆ, ಕೆಳಗೆ ಪುಡಿ ಬೀಳುವ ಪುಟ್ಟ ಡ್ರಾಯರ್. ಈ ಹಳೆಯ ಮಾದರಿಯ ಕಾಫಿ ಗ್ರೈಂಡರುಗಳನ್ನು ಈಗಲೂ ಹೊಸದಾಗಿ ತಯಾರಿಸಿ ಮಾರುತ್ತಾರೆ. ನಾನು ಕೊಂಡದ್ದು ಅಜ್ಜಿಯ ಅಡುಗೆಮನೆಯಲ್ಲಿದ್ದ ಗ್ರೈಂಡರಿನ ಪಡಿಯಚ್ಚಿನಂತಿದೆ, ಕೊಳ್ಳಲು ಕಾರಣವೂ ಅದೇ. ಕಣ್ಣಿಗೆ ಪೂರ್ತಿ ತೃಪ್ತಿಯಾಗಿದೆ. ಕಾಫಿಯ ವಿಷಯದಲ್ಲಿ ಹಾಗೆ ಹೇಳಲಾರೆ.

ಅಜ್ಜಿಯ ಮನೆಯಲ್ಲಿ ಕಾಫಿ ಬೀಜ ಬೀಸುವುದು ಮಕ್ಕಳ ಪಾಲಿನ ಕೆಲಸ. ನೆಲದ ಮೇಲೆ ಕುಳಿತು ಪೆಟ್ಟಿಗೆಯನ್ನು ಮೊಣಕಾಲುಗಳ ನಡುವೆ ಇರುಕಿಕೊಳ್ಳಬೇಕು. ಮೊದಲ ಸುತ್ತುಗಳಲ್ಲಿ ಬೀಜ ಕಟಕಟನೆ ಒಡೆಯುವಾಗ ಹಿಡಿಕೆ ಬಲು ಬಿಗಿ. ಆಮೇಲೆ ಗರಗರ ಸದ್ದು ಹದಕ್ಕೆ ಬರುತ್ತದೆ. ಕೊನೆಗೆ ಹಿಡಿಕೆ ಇದ್ದಕ್ಕಿದ್ದಂತೆ ಹಗುರಾಗುತ್ತದೆ, ಬೀಜ ಮುಗಿಯಿತೆಂದು ಕೈಗೇ ತಿಳಿಯುತ್ತದೆ. ಅಜ್ಜಿ ಡ್ರಾಯರ್ ಎಳೆದು ಒಂದು ಚಿಟಿಕೆ ಪುಡಿಯನ್ನು ಬೆರಳ ತುದಿಯಲ್ಲಿ ಉಜ್ಜಿ ನೋಡುತ್ತಿದ್ದರು. ತರಿ ಎನಿಸಿದರೆ ಹಿಡಿಕೆಯ ಬುಡದ ತಿರುಪನ್ನು ಒಂದಿಷ್ಟು ಬಿಗಿ ಮಾಡುತ್ತಿದ್ದರು. ಮರುದಿನದ ಪುಡಿ ಹೇಳಿದ ಹಾಗೆ ನುಣ್ಣಗೆ ಬೀಳುತ್ತಿತ್ತು.

ಆ ತಿರುಪಿಗೆ ಅಷ್ಟು ಬೆಲೆ ಬಂದದ್ದು ಒಳಗಿನ ಹಲ್ಲುಗಳಿಂದ. ಶಂಕುವಿನಾಕಾರದ ಉಕ್ಕಿನ ತುಂಡೊಂದು ಹಲ್ಲುಗಳಿರುವ ಬಳೆಯೊಳಗೆ ಸುತ್ತುತ್ತದೆ. ಮೇಲ್ಭಾಗದ ದೊಡ್ಡ ಹಲ್ಲುಗಳು ಬೀಜವನ್ನು ಒಡೆಯುತ್ತವೆ, ಕೆಳಗಿನ ಸಣ್ಣ ಹಲ್ಲುಗಳು ಅರೆಯುತ್ತವೆ. ತಿರುಪು ತಿರುಗಿಸಿದರೆ ಎರಡರ ನಡುವಿನ ಸಂದು ಹಿಗ್ಗುತ್ತದೆ ಅಥವಾ ಕುಗ್ಗುತ್ತದೆ. ಮುಂದೆ ಕಾರುಗಳಿಗೆ ಹೆಸರಾದ ಫ್ರಾನ್ಸಿನ ಪ್ಯೂಜೊ ಮನೆತನದವರು 1840ರಲ್ಲಿ ಕಾಫಿ ಗ್ರೈಂಡರ್ ತಯಾರಿಕೆಗೆ ಇಳಿದಾಗ ಅವರ ಕಸುಬು ಗರಗಸದ ಅಲಗು ಮಾಡುವುದಾಗಿತ್ತು. ಉಕ್ಕನ್ನು ಬಲ್ಲವರಿಗೆ ಒಗ್ಗುವ ಕೆಲಸವೇ ಇದು.

ಹೊಸದರ ದೋಷ ಇರುವುದು ಇಲ್ಲಿಯೇ. ಹಿಡಿಕೆಗೆ ಸೇರಿದ ಸರಳನ್ನು ಮೇಲ್ತುದಿಯಲ್ಲಿ ಮಾತ್ರ ಹಿಡಿದು ನಿಲ್ಲಿಸಿದ್ದಾರೆ, ಕೆಳತುದಿಗೆ ಆಧಾರವೇ ಇಲ್ಲ. ತಿರುಗಿಸುವಾಗ ಒಳಗಿನ ಹಲ್ಲು ಅತ್ತಿತ್ತ ಓಲಾಡುತ್ತದೆ, ಒಂದು ಕಡೆ ಸಂದು ಕಿರಿದಾಗಿ ಇನ್ನೊಂದು ಕಡೆ ಅಗಲವಾಗುತ್ತದೆ. ಡ್ರಾಯರಿನಲ್ಲಿ ಹಿಟ್ಟಿನಂಥ ಪುಡಿಯೂ ದಪ್ಪ ತರಿಯೂ ಬೆರೆತು ಬೀಳುತ್ತವೆ. ಇಂಥ ಪುಡಿಯ ಕಾಫಿಯಲ್ಲಿ ನುಣುಪಾದದ್ದು ಬೇಗ ಕಹಿ ಬಿಡುತ್ತದೆ, ತರಿ ಸಾರ ಬಿಡುವುದೇ ಇಲ್ಲ. ತರಿಯಾಗಿ ಬೀಸಲು ಹೊರಟರೆ ಸಂದಿನ ಜೊತೆಗೆ ಓಲಾಟವೂ ಹೆಚ್ಚುತ್ತದೆ. ನುಣ್ಣಗೆ ಬೀಸಿದಾಗ ಪರವಾಗಿಲ್ಲ ಅನ್ನಬಹುದು. ಹೊರಗಿನ ಮರಕ್ಕೆ ಅಷ್ಟು ಚೆಂದದ ಹೊಳಪು ಕೊಟ್ಟವರು ಒಳಗೊಂದು ಅಡ್ಡಪಟ್ಟಿ ಹಾಕಲಿಲ್ಲವಲ್ಲ ಎಂದು ನನಗೆ ನಿಜಕ್ಕೂ ಬೇಸರವಾಗಿದೆ.

ಮಿಕ್ಕದ್ದೆಲ್ಲ ಒಳ್ಳೆಯದೇ. ಪೆಟ್ಟಿಗೆಗೆ ಸಾಕಷ್ಟು ತೂಕವಿದೆ, ಜಾರುವುದಿಲ್ಲ. ನಸುಕಿನಲ್ಲಿ ಬೀಸಿದರೂ ಮಲಗಿದವರು ಏಳುವುದಿಲ್ಲ. ಬೀಸಿದ ಪುಡಿ ಗಾಳಿಗೆ ಒಡ್ಡಿಕೊಂಡು ಬೇಗನೆ ಘಮ ಕಳೆದುಕೊಳ್ಳುವುದರಿಂದ, ಬೇಕಾದಷ್ಟನ್ನೇ ಆಗಾಗ ಬೀಸಿಕೊಳ್ಳುವ ಲಾಭ ಇದರಲ್ಲೂ ಸಿಗುತ್ತದೆ. ನೀರು ಮಾತ್ರ ಸೋಕಿಸಬೇಡಿ, ಉಕ್ಕು ತುಕ್ಕು ಹಿಡಿಯುತ್ತದೆ, ಮರ ಉಬ್ಬಿ ಡ್ರಾಯರ್ ಸಿಕ್ಕಿಕೊಳ್ಳುತ್ತದೆ. ಬೀಜದ ಎಣ್ಣೆ ಹಲ್ಲುಗಳಿಗೆ ಅಂಟಿ ಕಮಟು ವಾಸನೆ ಬರುವ ಮೊದಲು ಒಣ ಬ್ರಷ್ಷಿನಿಂದ ಉಜ್ಜಿದರೆ ಸಾಕು.

ಕಪಾಟಿನ ಮೇಲೆ ಅಂದವಾಗಿ ಕಾಣಲಿ ಎನ್ನುವವರು ಧಾರಾಳವಾಗಿ ಇದನ್ನು ಕೊಳ್ಳಬಹುದು. ದಿನವೂ ಕಾಫಿ ಮಾಡುವವರು ಕೊಳ್ಳುವ ಮುಂಚೆ ಹಿಡಿಕೆಯ ಬುಡವನ್ನು ಹಿಡಿದು ಅಡ್ಡಡ್ಡ ಅಲುಗಿಸಿ ನೋಡಿ. ಡ್ರಾಯರನ್ನು ಪೂರ್ತಿ ಹೊರತೆಗೆದು, ಸರಳಿನ ಕೆಳತುದಿಗೆ ಆಧಾರವಿದೆಯೇ ಎಂದು ಇಣುಕಿ ನೋಡಿ. ಮನೆಯ ಅಟ್ಟದಲ್ಲಿ ಹಿರಿಯರ ಕಾಲದ್ದು ಉಳಿದಿದ್ದು, ಹಲ್ಲಿಗೆ ತುಕ್ಕು ಹಿಡಿಯದೆ ಮರ ಮಾತ್ರ ಮಾಸಿದ್ದರೆ, ಹೊಸದಕ್ಕೆ ಹಣ ಹಾಕದೆ ಅದನ್ನೇ ಕೆಳಗಿಳಿಸಿ.