ಸಿಗ್ನಲ್ ಇಲ್ಲದ ಊರಿಗೆ ಆರ್ಗ್ಯಾನಿಕ್ ಮ್ಯಾಪ್ಸ್

ಮ್ಯಾಪ್ ಚೆನ್ನಾಗಿದೆಯೋ ಇಲ್ಲವೋ ಅಂತ ಪೇಟೆಯಲ್ಲಿ ಕೂತು ನೋಡಿದರೆ ಗೊತ್ತಾಗಲ್ಲ. ತೀರ್ಥಹಳ್ಳಿ ದಾಟಿ ಆಗುಂಬೆ ಕಡೆ ಹೊರಟು, ಟಾರು ರಸ್ತೆ ಬಿಟ್ಟು ಒಳಗಿಳಿದು, ಸಿಗ್ನಲ್ಲೂ ಹೋದ ಮೇಲೆ ನೋಡಬೇಕು. ನಾನು ಪಶುವೈದ್ಯೆ. ಹಸು ಕರು ಹಾಕಲಾರದೆ ಒದ್ದಾಡುತ್ತಿದೆ ಅಂತ ರಾತ್ರಿ ಫೋನ್ ಬಂದರೆ ಆ ಮನೆ ಹುಡುಕಿಕೊಂಡು ಹೋಗಬೇಕು. ನಮ್ಮಲ್ಲಿ ಮನೆಗಳಿಗೆ ಸಾಲೂ ಇಲ್ಲ, ಬೀದಿಯೂ ಇಲ್ಲ, ತೋಟಕ್ಕೊಂದು ಮನೆ.

ಮೊದಲು ಬಳಸುತ್ತಿದ್ದ ಬೇರೊಂದು ಆಪ್ ಒಂದು ಸಲ ಜೀಪನ್ನು ಹಳ್ಳದ ದಡಕ್ಕೆ ತಂದು ನಿಲ್ಲಿಸಿತು. ಆಚೆ ಕೊಟ್ಟಿಗೆಯ ದೀಪ ಕಾಣ್ತಿದೆ, ನಡುವೆ ಇರೋದು ಅಡಿಕೆ ಮರದ ಕಾಲುಸಂಕ. ಔಷಧಿ ಪೆಟ್ಟಿಗೆ ಹೊತ್ತು ಜಾರುವ ಸಂಕ ದಾಟಿದೆ.

ಆರ್ಗ್ಯಾನಿಕ್ ಮ್ಯಾಪ್ಸ್ ಎಂಬ ಮ್ಯಾಪ್ ಆಪ್ ನೆಚ್ಚಿಕೊಂಡಿದ್ದು ಇದಕ್ಕೇ. ಅದರ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪ್‌ನದು. 2004ರಲ್ಲಿ ಬ್ರಿಟನ್ನಿನಲ್ಲಿ ಶುರುವಾಗಿ ಇವತ್ತಿಗೂ ಜನರೇ ಸೇರಿ ಬರೆಯುತ್ತಿರೋದು. ಸಂಕವನ್ನು ಕಾಲುದಾರಿ ಅಂತ ಯಾರಾದರೂ ಗುರುತಿಸಿದ್ದರೆ ವಾಹನಕ್ಕೆ ಆ ದಾರಿ ತೋರಿಸಲ್ಲ. ನಕ್ಷೆ ಒಮ್ಮೆ ಇಳಿಸಿಕೊಂಡರೆ ನೆಟ್ ಬೇಡ. ಜಾಹೀರಾತಿಲ್ಲ, ದುಡ್ಡೂ ಇಲ್ಲ. ನಾನು ಹೋದ ಮನೆಗಳ ಗೇಟಿಗೆಲ್ಲ ಗುರುತು ಹಾಕಿ, ಪಕ್ಕದಲ್ಲಿ 'ಎಡಕ್ಕೆ ಕೆರೆ, ಜೀಪು ಮೇಲೇ ಬಿಡಿ' ಅಂತ ಬರೆದಿಟ್ಟಿದ್ದೇನೆ. ಆ ಪಟ್ಟಿಯನ್ನು ಹಾಗೇ ಕಳಿಸಬಹುದು. ರಜೆ ಹಾಕಿದ ದಿನ ನನ್ನ ಬದಲಿಗೆ ಬರುವ ಡಾಕ್ಟರಿಗೆ ಅದೇ ಆಧಾರ.

ಕೊರತೆಗಳಿವೆ. ಟ್ರಾಫಿಕ್ ತೋರಿಸಲ್ಲ, ಹಾಗಾಗಿ ಬೆಂಗಳೂರಿನವರಿಗೆ ಇದೊಂದೇ ಸಾಕು ಅಂತ ಹೇಳಲಾರೆ. ಊರಿನ ಹೆಸರು ಯಾರಾದರೂ ಕನ್ನಡದಲ್ಲಿ ತುಂಬಿದ್ದರಷ್ಟೇ ಕನ್ನಡದಲ್ಲಿ ಸಿಗುತ್ತೆ. ಆದರೆ ತುಂಬೋದು ನಮ್ಮ ಕೈಲೇ ಇದೆ: ಓಪನ್‌ಸ್ಟ್ರೀಟ್‌ಮ್ಯಾಪ್ ಖಾತೆಯೊಂದು ಸಾಕು. ರಸ್ತೆ ಮಣ್ಣಿನದೋ ಟಾರಿನದೋ ಅಂತ ಸ್ಟ್ರೀಟ್‌ಕಂಪ್ಲೀಟ್ ಎಂಬ ಇನ್ನೊಂದು ಆಪ್ ಕೇಳುತ್ತೆ, ನಿಂತಲ್ಲೇ ಉತ್ತರ ಒತ್ತಬಹುದು. ತಿದ್ದಿದ್ದು ಎಲ್ಲರ ಫೋನಿಗೆ ಬರಲು ನಕ್ಷೆಯ ಮುಂದಿನ ಅಪ್‌ಡೇಟ್ ತನಕ ಕಾಯಬೇಕು. ಊರಿನ ಪಿಯುಸಿ ಹುಡುಗರು ಒಂದು ಭಾನುವಾರ ಕೂತರೂ ಎಷ್ಟೋ ಕೆಲಸ ಆಗುತ್ತೆ, ದಯವಿಟ್ಟು ಮಾಡಿ.

ಒಂದು ಮಾತ್ರ ಈ ಆಪ್‌ನಿಂದಲೂ ಆಗಲ್ಲ: ಮಳೆಗಾಲದಲ್ಲಿ ಯಾವ ಮೋರಿ ಮೇಲೆ ನೀರು ಹರೀತಿದೆ ಅಂತ ಹೇಳೋದು. ಅದಕ್ಕೆ ಹೊರಡೋ ಮುಂಚೆ ಮನೆಯವರನ್ನೇ ಕೇಳಬೇಕು.